ಹಸನಾಕನ ಡಬ್ಬದಲ್ಲಿ ಹನ್ನೊಂದು ಚೀಟಿ

ಕಳೆದ ತಿಂಗಳು ಕೆಟ್ಟುಹೋದ ಮಿಕ್ಸಿಯನ್ನೂ ತುಕ್ಕು ಹಿಡಿದ ಎರಡು ಬಾಣಲೆಗಳನ್ನೂ ಕೊಡಲೆಂದು ಬಂದರಿನ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಹಳೆಯ ಕಾದಂಬರಿಗಳ ರಾಶಿ ಬಿದ್ದಿತ್ತು. ಪುಸ್ತಕದ ರಾಶಿ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ, ಅದು ಹುಟ್ಟುಗುಣ. ಮೇಲಿದ್ದ ಒಂದನ್ನು ಎತ್ತಿ ಹಿಂದಿನಿಂದ ಬಿಡಿಸಿದೆ. ಕೊನೆಯ ಇಪ್ಪತ್ತು ಪುಟಗಳನ್ನು ಯಾವುದೋ ಕಾಲದಲ್ಲಿ ಕತ್ತರಿಸಿ ತೆಗೆದು, ಮತ್ತೆ ಮೈದಾ ಅಂಟು ಹಾಕಿ ಅಂಟಿಸಿದ್ದರು. ಶೀತ ಹಿಡಿದ ಕಾಗದ, ಹುಳಿ ಬಂದ ಮೈದಾ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಹೊಡೆಯಿತು. ಪಕ್ಕದಲ್ಲಿದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟೆ. ಅಂಗಡಿಯವರು ಗಾಬರಿಯಾಗಿ, "ಎಂತಾಯ್ತು ಬಾಯಮ್ಮ, ನೀರು ಬೇಕಾ?" ಎಂದು ಕೇಳಿದರು. ಬೇಡ ಎಂದೆ.

ಆ ಪುಸ್ತಕ ಹಸನಾಕನ ಲೈಬ್ರರಿಯದ್ದು. ಆ ಪುಟಗಳನ್ನು ಹಾಗೆ ಅಂಟಿಸಿದ್ದು ಹಸನಾಕನೇ, ಆರು ವರ್ಷದ ಹಿಂದಿನ ಮಳೆಗಾಲದಲ್ಲಿ. ಆ ಮಳೆಗಾಲದ ಬಗ್ಗೆ ಮೊದಲಿನಿಂದ ಕೊನೆಯವರೆಗೆ ನಾನು ಇದುವರೆಗೆ ಪಾದ್ರಿಗಳ ಹತ್ತಿರ ಮಾತ್ರ ಹೇಳಿದ್ದೇನೆ.

ನನ್ನ ಹೆಸರು ಜೆಸಿಂತಾ. ಮನೆ ಜೆಪ್ಪುವಿನಲ್ಲಿ. ಇಪ್ಪತ್ತಾರು ವರ್ಷ ನಗರದ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ನರ್ಸ್ ಆಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಕೆಲಸ ಬಿಟ್ಟರೆ ನನಗಿದ್ದ ಒಂದೇ ಚಟ ಪತ್ತೇದಾರಿ ಕಾದಂಬರಿ. ಆ ವಿಷಯದಲ್ಲಿ ನನ್ನೆದುರು ಯಾರೂ ಪೊಕ್ಕಡೆ, ಸುಮ್ಮಸುಮ್ಮನೆ, ಮಾತಾಡಬಾರದು, ನನಗೆ ಸಿಟ್ಟು ಬರುತ್ತದೆ. ಬರೆಯುವವರಲ್ಲಿ ಮುಕ್ಕಾಲು ಜನಕ್ಕೆ ರಕ್ತದ ಪರಿಚಯವೇ ಇಲ್ಲ. "ಎದೆಯಲ್ಲಿ ಚೂರಿ ನಾಟಿತ್ತು, ಮುಖದಲ್ಲಿ ಅಪೂರ್ವ ಶಾಂತಿಯಿತ್ತು" ಎಂದು ಬರೆದುಬಿಡುತ್ತಾರೆ. ಎಲ್ಲಿಯ ಶಾಂತಿ ಮಾರಾಯ್ರೆ! ಇರಿತ ತಿಂದವರು ವಾಂತಿ ಮಾಡುತ್ತಾರೆ, ಬಟ್ಟೆಯಲ್ಲೇ ಉಚ್ಚೆ ಮಾಡಿಕೊಳ್ಳುತ್ತಾರೆ, ಅರವತ್ತು ವರ್ಷದ ಗಂಡಸರೂ ಅಮ್ಮಾ ಎಂದು ಕೂಗುತ್ತಾರೆ. ತಲವಾರಿನ ಏಟಿಗೆ ಕೈ ಅಡ್ಡ ಹಿಡಿದವನ ಅಂಗೈ ಮೂಳೆಯವರೆಗೆ ಬಾಯಿ ತೆರೆದುಕೊಂಡಿರುತ್ತದೆ, ಅದನ್ನು ಗಾಜ್ ಒತ್ತಿ ಮುಚ್ಚಿಡಬೇಕಾದವಳು ನಾನು. ಕಾದಂಬರಿಯಲ್ಲಿ ಗುಂಡು ತಗಲಿದವನು ಎರಡು ಪುಟ ಮಾತಾಡಿ, ಆಸ್ತಿಯ ಗುಟ್ಟೆಲ್ಲ ಹೇಳಿ, ಆಮೇಲೆ ಸಾಯುವುದನ್ನು ಓದಿ ಡ್ಯೂಟಿ ರೂಮಿನಲ್ಲಿ ಒಬ್ಬಳೇ ನಕ್ಕದ್ದುಂಟು.

ಇಂಗ್ಲಿಷಿನಿಂದ ಕದ್ದ ಮಾಲು ಎಷ್ಟು ಬೇಗ ಗೊತ್ತಾಗುತ್ತಿತ್ತೆಂದರೆ, ಒಂದು ಪುಟ ಸಾಕು. ಊರಿನ ಹೆಸರು ಬೆಂಗಳೂರು, ತಿಂಗಳು ಮೇ, ಆದರೆ ಪತ್ತೇದಾರ ಓವರ್‌ಕೋಟು ಹಾಕಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿರುತ್ತಾನೆ. ಪ್ರೇಮದ ಕಾದಂಬರಿಗಳಂತೂ ನನಗೆ ಆಗುತ್ತಲೇ ಇರಲಿಲ್ಲ. ಅವುಗಳಲ್ಲಿ ಬರುವ ಸುಂದರ ಡಾಕ್ಟರನ್ನು ನಮ್ಮ ಕ್ಯಾಶುವಲ್ಟಿಗೆ ಒಂದು ದಿನ ಕಳಿಸಬೇಕು, ತಲೆ ಬಾಚಿಕೊಳ್ಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ ಅವನಿಗೆ. ಇಷ್ಟೆಲ್ಲ ಬೈದರೂ ಓದುವುದನ್ನು ಬಿಟ್ಟವಳಲ್ಲ. ಸುಳಿವನ್ನು ಕಣ್ಣೆದುರೇ ಇಟ್ಟು, ಕೊನೆಗೆ ನನ್ನ ದಡ್ಡತನವನ್ನು ನನಗೇ ತೋರಿಸಿದ ಲೇಖಕನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಓದಿ ಓದಿ ಕೆಲವು ಸೂತ್ರ ಕಂಡುಕೊಂಡಿದ್ದೆ. ಎಲ್ಲರೂ ಮೊದಲು ಬೆರಳು ತೋರಿಸಿದವನು ಕೊಲೆಗಾರನಲ್ಲ. ಗಂಡನ ಮೇಲೆ ಸಂಶಯ ಬಂತೆಂದರೆ ಗಂಡನನ್ನು ಬಿಟ್ಟುಬಿಡಬಹುದು. ಹೆಣವನ್ನು ಮೊದಲು ಕಂಡವನನ್ನು ಬಿಡಬಾರದು, ಕರೆಯದೆ ಸಹಾಯಕ್ಕೆ ಬಂದವನನ್ನಂತೂ ಬಿಡಲೇಬಾರದು. ಈ ಸೂತ್ರಗಳು ನನ್ನನ್ನು ಹತ್ತರಲ್ಲಿ ಏಳು ಸಲ ಗೆಲ್ಲಿಸುತ್ತಿದ್ದವು.

ಗೆಲ್ಲಿಸುವುದು ಎಂದದ್ದು ಯಾಕೆಂದರೆ ಹಸನಾಕನ ಲೈಬ್ರರಿಯಲ್ಲಿ ಅದು ನಿಜಕ್ಕೂ ಪಂದ್ಯವೇ ಆಗಿತ್ತು. ಎಲ್ಲರೂ ಗೌರವಕ್ಕೆ ಹಸನಾಕ ಎನ್ನುತ್ತಿದ್ದ ಹಸನ್ ಅವರದು ಬಂದರಿನ ವ್ಯಾಪಾರಸ್ಥ ಬ್ಯಾರಿ ಮುಸ್ಲಿಂ ಕುಟುಂಬ. ಅಣ್ಣತಮ್ಮಂದಿರು ಮೆಣಸು, ಸಾಬೂನು ಎಂದು ಅಂಗಡಿ ನಡೆಸುತ್ತಿದ್ದರೆ ಇವರೊಬ್ಬರಿಗೆ ಪುಸ್ತಕದ ಹುಚ್ಚು. ಗಲ್ಫಿನಿಂದ ವಾಪಸು ಬಂದವರು ಪಾಂಡೇಶ್ವರದ ಕಡೆಯ ಒಂದು ಓಣಿಯಲ್ಲಿ ಬಾಡಿಗೆ ಪುಸ್ತಕದ ಲೈಬ್ರರಿ ಹಾಕಿಕೊಂಡಿದ್ದರು. ಮೊಬೈಲು ಬಂದ ಮೇಲೆ ಓದುವವರು ಕಡಿಮೆಯಾದಾಗ ಅವರು ಒಂದು ಉಪಾಯ ಮಾಡಿದರು. ಎಲ್ಲ ಪತ್ತೇದಾರಿ ಕಾದಂಬರಿಗಳ ಕೊನೆಯ ಇಪ್ಪತ್ತು ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಪುಸ್ತಕ ಮುಗಿಸಿ ಬಂದವರು ಒಂದು ಚೀಟಿಯಲ್ಲಿ ಕೊಲೆಗಾರನ ಹೆಸರು ಮತ್ತು ಮೂರು ಸುಳಿವು ಬರೆದು ಬಿಸ್ಕತ್ತಿನ ತಗಡು ಡಬ್ಬಕ್ಕೆ ಹಾಕಿದರೆ ಮಾತ್ರ ಕೊನೆಯ ಪುಟಗಳು ಸಿಗುತ್ತಿದ್ದವು. ಶನಿವಾರ ಸಂಜೆ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾರ ಚೀಟಿ ಚೆನ್ನಾಗಿದೆಯೋ ಅವರಿಗೆ ಪಕ್ಕದ ಹೋಟೆಲಿನಿಂದ ಚಹಾ ಮತ್ತು ಒಂದು ಪ್ಲೇಟ್ ಗೋಳಿಬಜೆ. ಹತ್ತು ಹನ್ನೆರಡು ಜನ ಖಾಯಂ ಬರುತ್ತಿದ್ದೆವು. ಗೋಳಿಬಜೆ ತಿಂದದ್ದು ಹೆಚ್ಚು ಸಲ ನಾನೇ.

ಲೈಬ್ರರಿಯ ಎದುರು ಸುಜಾತ ಎಂಬ ಹೆಂಗಸು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಮೂವತ್ತೆರಡು ಮೂವತ್ತಮೂರು ವರ್ಷ. ಗಂಡ ಉಮೇಶ ಸುರತ್ಕಲ್‌ನಲ್ಲಿ ಯಾವುದೋ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಹೊಡೆಯುತ್ತಾನೆಂದು ಅವನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಪೊಲೀಸರಿಗೆ ಎರಡು ಸಲ ದೂರನ್ನೂ ಕೊಟ್ಟಿದ್ದಳು. ನನ್ನ ರವಿಕೆಗಳೆಲ್ಲ ಅವಳ ಹೊಲಿಗೆಯೇ. ಅವಳು ಓದುತ್ತಿದ್ದದ್ದು ಕಣ್ಣೀರಿನ ಸಾಂಸಾರಿಕ ಕಾದಂಬರಿಗಳು. ನಾನು ಅದಕ್ಕೆ ತಮಾಷೆ ಮಾಡಿದರೆ ತಿರುಗಿ ಹೇಳುತ್ತಿದ್ದಳು.

"ನಿಮ್ಮ ಪುಸ್ತಕದಲ್ಲಿ ಸತ್ತವಳಿಗೋಸ್ಕರ ಒಬ್ರಾದ್ರೂ ಅಳ್ತಾರಾ ಸಿಸ್ಟರ್? ಎಲ್ಲ ಪತ್ತೆ ಮಾಡುದ್ರಲ್ಲೇ ಬಿಜಿ. ನಂದ್ರಲ್ಲಿ ಕಡೇಪಕ್ಷ ಅಳುವವರು ಉಂಟು."

"ಅಳುವುದಾದ್ರೆ ನಂಗೆ ಕ್ಯಾಶುವಲ್ಟಿ ಉಂಟಲ್ಲ ಮಾರಾಯ್ತಿ, ಪುಸ್ತಕ ಯಾಕೆ?" ಎಂದು ನಾನು.

ಆ ವರ್ಷ ಜುಲೈಯಲ್ಲಿ ಮಳೆ ಬಿಡದೆ ಹಿಡಿದಿತ್ತು. ಮೀನುಗಾರಿಕೆ ನಿಂತ ತಿಂಗಳು, ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ತಾಗಿ ನಿಂತಿದ್ದವು. ಒಂದು ಗುರುವಾರ ಮಧ್ಯಾಹ್ನ ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಕ್ಯಾಶುವಲ್ಟಿಯ ಬಾಗಿಲಿಗೆ ಒಂದು ರಿಕ್ಷಾ ಬಂದು ನಿಂತಿತು. ಡ್ರೈವರ್ ಹಿಂದಿನ ಸೀಟಿನಿಂದ ಒಬ್ಬ ಹೆಂಗಸನ್ನು ಎತ್ತಿಕೊಂಡು ಓಡಿ ಬಂದ. ಅವಳ ತಲೆ ಅವನ ತೋಳಿನಿಂದ ಹಿಂದಕ್ಕೆ ಜೋತು ಬಿದ್ದಿತ್ತು. ಕುತ್ತಿಗೆಯ ಎಡಬದಿ ಕತ್ತರಿಸಿ ಹೋಗಿತ್ತು. ಎರಡೂ ಮುಂಗೈಗಳಲ್ಲಿ ಕತ್ತಿಯ ಏಟುಗಳು, ಒಂದು ಬೆರಳು ಚರ್ಮದಲ್ಲಿ ಮಾತ್ರ ನೇತಾಡುತ್ತಿತ್ತು. ಟ್ರಾಲಿಯ ಮೇಲೆ ಮಲಗಿಸಿದಾಗ ಕುತ್ತಿಗೆಗೆ ಸುತ್ತಿಕೊಂಡಿದ್ದ ಅಳತೆಯ ಟೇಪು ಕಂಡಿತು. ಸುಜಾತ! ಟೇಪು ರಕ್ತದಲ್ಲಿ ನೆನೆದು ಗಾಯದೊಳಗೆ ಅಂಟಿಕೊಂಡಿತ್ತು. ಕತ್ತರಿಯಿಂದ ಅದನ್ನು ಕತ್ತರಿಸಿ ತೆಗೆದವಳು ನಾನು. ಡಾಕ್ಟರು ಹತ್ತು ನಿಮಿಷ ಒದ್ದಾಡಿ ಕೈಬಿಟ್ಟರು. ಬರುವಾಗಲೇ ಜೀವ ಹೋಗಿತ್ತು.

ರಿಕ್ಷಾದವನ ಹೆಸರು ದೇವದಾಸ. ಹೊಳೆಯಾಚೆಯ ಬೆಂಗ್ರೆಯವನು, ಲೈಬ್ರರಿ ಓಣಿಯ ಮೂಲೆಯ ಸ್ಟ್ಯಾಂಡಿನವನು, ಮಾತು ಕಡಿಮೆ. ಅವನ ಖಾಕಿ ಅಂಗಿಯ ಎದೆಯೆಲ್ಲ ರಕ್ತ. ಅವನು ಬೇಸಿನ್ನಿಗೆ ಹೋಗಿ ಕೈ ತೊಳೆದ. ತುಂಬಾ ಹೊತ್ತು, ಮೊಣಕೈಯವರೆಗೆ ತೊಳೆದ. ಅವನ ಕಣ್ಣಲ್ಲಿ ನೀರಿರಲಿಲ್ಲ. ಆಗ ನನ್ನ ನೆನಪಿನಲ್ಲಿ ಉಳಿದದ್ದನ್ನು ಉಳಿದ ಹಾಗೆಯೇ ಬರೆಯುತ್ತಿದ್ದೇನೆ. ಪೊಲೀಸರು ಬಂದಾಗ ಅವನು ಹೇಳಿದ್ದು ಇಷ್ಟು: "ಕಿರುಚಿದ್ದು ಕೇಳಿ ಓಡಿದೆ ಸರ್. ರೈನ್‌ಕೋಟ್ ಹಾಕಿದವ ಒಬ್ಬ ಆಚೆ ಕಡೆ ಓಡಿದ. ಟೋಪಿ ಇತ್ತು, ಮುಖ ಕಾಣ್ಲಿಲ್ಲ."

ಪೊಲೀಸರು ಒಂದು ದಿನ ಕೂರಿಸಿಕೊಂಡು ಪ್ರಶ್ನೆ ಕೇಳಿ ಅವನನ್ನು ಬಿಟ್ಟರು. ಉಮೇಶ ಆ ಬೆಳಗ್ಗೆಯಿಂದಲೇ ನಾಪತ್ತೆಯಾಗಿದ್ದ. ಅವರು ಹುಡುಕುತ್ತಿದ್ದದ್ದು ಅವನನ್ನೇ. ಮೀನು ಮಾರುವ ಹೆಂಗಸರಿಗೂ ಗೊತ್ತಿತ್ತು, ಹೋಟೆಲಿನವನಿಗೂ ಗೊತ್ತಿತ್ತು, ಗಂಡನೇ ಕಡಿದದ್ದು ಎಂದು. ಗೊತ್ತಿಲ್ಲದವರು ಇಡೀ ಓಣಿಯಲ್ಲಿ ನಾವು ಹನ್ನೊಂದು ಜನ ಓದುಗರು ಮಾತ್ರ.

ಶನಿವಾರ ಎಂದಿನಂತೆ ಸೇರಿದೆವು. ಎದುರಿನ ಹೊಲಿಗೆ ಅಂಗಡಿಯ ಬಾಗಿಲಿಗೆ ಪೊಲೀಸರ ಟೇಪು ಕಟ್ಟಿತ್ತು. ಸ್ವಲ್ಪ ಹೊತ್ತು ಎಲ್ಲರೂ ಛೆ ಛೆ ಎಂದೆವು. ಆಮೇಲೆ ನಿವೃತ್ತ ಶಿಕ್ಷಕರಾದ ಪ್ರಭು ಮಾಸ್ಟ್ರು ಗಂಟಲು ಸರಿಮಾಡಿಕೊಂಡು, "ಗಂಡನಂತೆ. ಇಷ್ಟು ಸುಲಭದ್ದಾದ್ರೆ ಮುನ್ನೂರು ಪುಟ ಯಾಕೆ ಬೇಕು?" ಎಂದರು. ಒಬ್ಬರು ನಕ್ಕರು. "ಇದಕ್ಕೂ ಒಂದು ಚೀಟಿ ಹಾಕುವಾ," ಎಂದರು ಇನ್ನೊಬ್ಬರು.

ಹಸನಾಕ ತಲೆ ಅಲ್ಲಾಡಿಸಿದರು. "ಬೇಡ ಮಾಸ್ಟ್ರೇ. ಇದು ಕತೆ ಅಲ್ಲ. ನಮ್ಮ ಎದುರಿನ ಹುಡುಗಿ."

"ಅದಕ್ಕೇ ಹಸನಾಕ. ಪೊಲೀಸರಿಗೆ ಕಾಣದ್ದು ನಮಗೆ ಕಂಡ್ರೂ ಕಾಣಬಹುದು. ನಾವು ಇಷ್ಟು ಓದಿದ್ದು ಎಂತಕ್ಕೆ?" ಎಂದು ಕಾಗದ ಕೇಳಿದವಳು ನಾನು. ಮೊದಲು ಕೈ ಚಾಚಿದವಳು ನಾನೇ. ಇದನ್ನು ಬೇರೆಯವರ ಮೇಲೆ ಹಾಕುವ ಹಾಗಿಲ್ಲ.

ನನ್ನ ಚೀಟಿಯಲ್ಲಿ ಹೀಗೆ ಬರೆದೆ. "ರಿಕ್ಷಾ ದೇವದಾಸ. ಒಂದು, ಹೆಣದ ಹತ್ತಿರ ಮೊದಲು ಬಂದವನು. ಎರಡು, ಮುಖ ಕಾಣದ ರೈನ್‌ಕೋಟಿನವನನ್ನು ಕಂಡದ್ದು ಅವನೊಬ್ಬನೇ, ಅಂಥವನನ್ನು ಕೊಲೆಗಾರನೇ ಹುಟ್ಟಿಸುತ್ತಾನೆ. ಮೂರು, ಕ್ಯಾಶುವಲ್ಟಿಗೆ ಬಂದವನು ನೇರ ಹೋಗಿ ಕೈ ತೊಳೆದ, ಕಣ್ಣಲ್ಲಿ ಒಂದು ಹನಿ ಇಲ್ಲ."

ಹನ್ನೊಂದು ಚೀಟಿಗಳಲ್ಲಿ ಏಳರಲ್ಲಿ ದೇವದಾಸನ ಹೆಸರೇ ಇತ್ತು. ಉಮೇಶನ ಹೆಸರು ಒಂದರಲ್ಲೂ ಇರಲಿಲ್ಲ. ಹಸನಾಕ ಓದುತ್ತಾ ಓದುತ್ತಾ ತಮ್ಮ ಅಳುಕನ್ನು ಮರೆತರು. ನನ್ನ ಚೀಟಿ ಓದಿದಾಗ, "ಯಾ ಅಲ್ಲಾ, ಸಿಸ್ಟರ್, ನೀವು ಡಿಪಾರ್ಟ್‌ಮೆಂಟಿಗೆ ಸೇರ್ಬೇಕಿತ್ತು!" ಎಂದು ಮೇಜು ತಟ್ಟಿದರು. ಎಲ್ಲರೂ ಭೇಷ್ ಎಂದರು. ಚಹಾ ಬಂತು, ಗೋಳಿಬಜೆ ಬಂತು. ಸುಜಾತಳನ್ನು ಮಣ್ಣು ಮಾಡಿ ಇಪ್ಪತ್ತನಾಲ್ಕು ಗಂಟೆ ಆಗಿರಲಿಲ್ಲ, ಅವಳ ಅಂಗಡಿಯ ಎದುರು ಕೂತು ನಾನು ಚಟ್ನಿಯಲ್ಲಿ ಅದ್ದಿ ಗೋಳಿಬಜೆ ತಿಂದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹಸನಾಕ ನನ್ನ ಚೀಟಿಯ ಫೋಟೋ ತೆಗೆದು ಲೈಬ್ರರಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. "ನಮ್ಮ ಸಿಸ್ಟರ್ ತಲೆ ನೋಡಿ" ಎಂದು ಬರೆದು ಎರಡು ಚಪ್ಪಾಳೆ ಇಟ್ಟರು. ಅವರ ಮನಸ್ಸಿನಲ್ಲಿ ಹೆಮ್ಮೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಭಾನುವಾರ ಚರ್ಚಿನ ಪೂಜೆಗೆ ಹೋಗಿ ಬರುವಷ್ಟರಲ್ಲಿ ಆ ಚೀಟಿ ನನ್ನ ನಾದಿನಿಯ ಫೋನಿಗೂ ಬಂದಿತ್ತು. ಈಗ ಅದರ ಕೆಳಗೆ ಬೇರೆ ಯಾರೋ ಬರೆದಿದ್ದರು: "ಆಸ್ಪತ್ರೆಯ ನರ್ಸೇ ಕಣ್ಣಾರೆ ಕಂಡು ಬರೆದದ್ದು. ಪೊಲೀಸರು ಬಿಟ್ಟರೂ ನಾವು ಬಿಡಬಾರದು." ನಾದಿನಿ ಕೇಳಿದಳು, "ಇದು ನಿನ್ನ ಅಕ್ಷರ ಅಲ್ವಾ?" ಹಸನಾಕನಿಗೆ ಫೋನ್ ಮಾಡಿದೆ. ಅವರು ಕೂಡಲೇ ಅಳಿಸಿದರು. ಅಳಿಸಿದ ಮೇಲೆ ಮುಗಿಯಿತು ಎಂದುಕೊಂಡೆ ನಾನು, ಅಷ್ಟು ದಡ್ಡಿ.

ಸೋಮವಾರ ಹನ್ನೊಂದು ಗಂಟೆಗೆ ದೇವದಾಸನನ್ನು ತಂದರು.

ಸುಜಾತಳ ಅಣ್ಣ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಸ್ಟ್ಯಾಂಡಿಗೆ ನುಗ್ಗಿದ್ದ. ದೇವದಾಸನದೇ ರಿಕ್ಷಾದ ವೀಲ್ ಸ್ಪ್ಯಾನರ್ ಎಳೆದು ಅವನಿಗೇ ಹೊಡೆದಿದ್ದರು. ತಲೆಯ ಹಿಂಬದಿ ಒಡೆದಿತ್ತು, ಕೂದಲು ಮಾಂಸದೊಳಗೆ ಹೊಕ್ಕಿತ್ತು. ಮುಂಭಾಗದ ನಾಲ್ಕು ಹಲ್ಲು ಹೋಗಿ ಬಾಯಿಯಿಂದ ನೊರೆ ನೊರೆಯಾಗಿ ರಕ್ತ ಬರುತ್ತಿತ್ತು. ಬಲಗೈಯನ್ನು ರಿಕ್ಷಾದ ಮೆಟ್ಟಿಲ ಮೇಲೆ ಒತ್ತಿ ಹಿಡಿದು, "ಈ ಕೈಯನ್ನೇ ಅಲ್ವಾ ತೊಳೆದದ್ದು?" ಎಂದು ಕೇಳಿ ಕೇಳಿ ಜಜ್ಜಿದ್ದರಂತೆ. ಆ ಕೈಯ ಬೆರಳುಗಳು ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ.

ಅವನಿಗೆ ಎಚ್ಚರವಿತ್ತು. ನಾನು ಸಲೈನ್ ಹಿಡಿದು ಬಗ್ಗಿದಾಗ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಆಮೇಲೆ ಮುಖವನ್ನು ಆಚೆ ತಿರುಗಿಸಿದ. ನೋವಿಗೆ ಹಾಗೆ ಮಾಡಿದ ಎಂದುಕೊಂಡೆ.

ಅವನನ್ನು ಎತ್ತಿ ತಂದದ್ದು ಅದೇ ಸ್ಟ್ಯಾಂಡಿನ ಲೋಕಣ್ಣ ಎಂಬ ಹಿರಿಯ ಡ್ರೈವರ್. ಅವರ ಎರಡೂ ಕೈ ಕೆಂಪಾಗಿತ್ತು. ಗೋಡೆ, ಪರದೆ, ಬಾಗಿಲು ಹಿಡಿದುಕೊಂಡು ಅಳುತ್ತಾ ನಿಂತಿದ್ದರು. ನಾನು ಕೆಲಸದ ಮಧ್ಯೆ ತಲೆ ಎತ್ತದೆ ಗದರಿದೆ: "ಎಲ್ಲ ಕಡೆ ಮುಟ್ಬೇಡಿ ಮಾರಾಯ್ರೆ. ಅಲ್ಲಿ ಬೇಸಿನ್ ಉಂಟು, ಹೋಗಿ ಕೈ ತೊಳ್ಕೊಳ್ಳಿ. ಮೊಣಕೈವರೆಗೆ ತೊಳೀರಿ."

ನನ್ನ ಮಾತು ನನ್ನ ಕಿವಿಗೇ ಬಿತ್ತು.

ಸಾಯ್ಬಾ ಭೊಗೊಸ್! ದೇವರೇ ಕ್ಷಮಿಸು! ಇಷ್ಟು ವರ್ಷದಿಂದ ರಕ್ತ ಮೆತ್ತಿಕೊಂಡು ಬಂದ ಪ್ರತಿಯೊಬ್ಬರಿಗೂ ನಾನು ಹೇಳುವ ಮಾತು ಅದು. ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ಹೇಳಿದ್ದು ನನಗೇ ತಿಳಿಯುವುದಿಲ್ಲ. ಗುರುವಾರವೂ ಹೇಳಿದ್ದೆ. ಸುಜಾತಳ ಟೇಪು ಕತ್ತರಿಸುತ್ತಾ, ತಲೆ ಎತ್ತದೆ, ದೇವದಾಸನಿಗೆ ಇದೇ ಮಾತನ್ನು ಇದೇ ಸ್ವರದಲ್ಲಿ ಹೇಳಿದ್ದೆ. ಅವನು ವಿಧೇಯನಾಗಿ ಹೋಗಿ, ಹೇಳಿದಷ್ಟು ತೊಳೆದು ಬಂದಿದ್ದ. ಶನಿವಾರದ ಹೊತ್ತಿಗೆ ನನ್ನ ತಲೆ ನನ್ನ ಮಾತನ್ನು ಕತ್ತರಿಸಿ ಎಸೆದು ಅವನ ಕೈ ತೊಳೆಯುವುದನ್ನು ಮಾತ್ರ ಇಟ್ಟುಕೊಂಡಿತ್ತು. ಸುಳಿವು ಹುಡುಕುವ ಚಪಲದಲ್ಲಿ ಸುಳಿವನ್ನು ನಾನೇ ಮಾಡಿಕೊಟ್ಟಿದ್ದೆ. ಇಂಥ ತಪ್ಪು ಓದದವರು ಮಾಡುವುದಿಲ್ಲ. ಕೈ ತೊಳೆಯುವುದನ್ನು ಕಂಡರೆ ಅವರಿಗೆ ಕೈ ತೊಳೆದದ್ದಷ್ಟೇ ಕಾಣುತ್ತದೆ.

ಅವನು ಆರು ದಿನ ಐಸಿಯುನಲ್ಲಿದ್ದ. ನಾನು ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅವನು ಸತ್ತರೆ ಕೊಂದವಳು ನಾನು ಎಂಬುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಪೊಲೀಸರಿಗೆ ನಾನೇ ಹೋಗಿ ಹೇಳಿದೆ, ಬರೆದುಕೊಂಡರು. ಆಸ್ಪತ್ರೆಯಿಂದ ನೋಟಿಸ್ ಬಂತು, ರೋಗಿಗಳ ವಿಷಯ ಹೊರಗೆ ಹೇಳಿದ್ದಕ್ಕೆ ಎರಡು ತಿಂಗಳು ಸಸ್ಪೆಂಡ್ ಮಾಡಿದರು. ಸುಜಾತಳ ಅಣ್ಣನನ್ನೂ ಅವನ ಸ್ನೇಹಿತರನ್ನೂ ಹಿಡಿದರು. ಅದೇ ವಾರ ಉಮೇಶ ಉಳ್ಳಾಲದ ಕಡೆಯ ಒಂದು ಬಾಡಿಗೆ ಕೋಣೆಯಲ್ಲಿ ಸಿಕ್ಕಿಬಿದ್ದ. ಕತ್ತಿ ಅವನ ಚೀಲದಲ್ಲೇ ಇತ್ತು, ರೈನ್‌ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಯಾವ ತಿರುವೂ ಇಲ್ಲದ, ಯಾವ ಲೇಖಕನೂ ಬರೆಯಲು ನಾಚಿಕೊಳ್ಳುವಂಥ ಕತೆ. ಹೆಂಡತಿ ಬಿಟ್ಟುಹೋದಳೆಂದು ಸಿಟ್ಟಿಗೆ ಕಡಿದ, ಅಷ್ಟೇ. ಸುಜಾತಳಿಗೋಸ್ಕರ ನಾನು ಅತ್ತದ್ದು ಆ ಸುದ್ದಿ ಓದಿದ ದಿನ, ಅವಳು ಸತ್ತು ಹತ್ತು ದಿನವಾದ ಮೇಲೆ.

ಹಸನಾಕ ಲೈಬ್ರರಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿದರು. ನಾನು ಒಂದು ದಿನ ಹೋದಾಗ ಬಾಗಿಲು ಅರ್ಧ ಎಳೆದುಕೊಂಡು, ದೊಡ್ಡ ಪಾತ್ರೆಯಲ್ಲಿ ಮೈದಾ ಅಂಟು ಕಾಯಿಸಿಟ್ಟುಕೊಂಡು, ಖಾನೆಯಲ್ಲಿದ್ದ ಕೊನೆಯ ಪುಟಗಳನ್ನು ಒಂದೊಂದಾಗಿ ಆಯಾ ಪುಸ್ತಕಕ್ಕೆ ಅಂಟಿಸುತ್ತಾ ಕೂತಿದ್ದರು. ಕಣ್ಣು ಊದಿಕೊಂಡಿತ್ತು. "ಫೋಟೋ ಹಾಕಿದ್ದು ನಾನು ಸಿಸ್ಟರ್," ಎಂದರು. "ಬರೆದದ್ದು ನಾನು," ಎಂದೆ. ಕೂತು ನಾನೂ ಅಂಟಿಸಿದೆ. ಒಂದು ತಿಂಗಳು ಅವರು ಅದೇ ಕೆಲಸ ಮಾಡಿದರು. ಆಮೇಲೆ ಎಲ್ಲವನ್ನೂ ಗುಜರಿಗೆ ಕೊಟ್ಟು ಅಣ್ಣನ ಮೆಣಸಿನ ಅಂಗಡಿಯಲ್ಲಿ ಕೂತರು.

ದೇವದಾಸ ಬದುಕಿದ. ಬಲಗೈಯ ಎರಡು ಬೆರಳು ತೆಗೆದರು, ಉಳಿದವು ಮಡಚುವುದಿಲ್ಲ. ರಿಕ್ಷಾದ ಆಕ್ಸಿಲರೇಟರ್ ಇರುವುದು ಬಲಗೈಯಲ್ಲಿ. ಅದನ್ನು ತಿರುಗಿಸಲು ಮುಷ್ಟಿ ಬೇಕು, ಅವನಿಗೆ ಮುಷ್ಟಿ ಇಲ್ಲ. ಮೂವತ್ತೆಂಟು ವರ್ಷಕ್ಕೆ ಅವನ ಕಸುಬು ಮುಗಿಯಿತು.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಬಂದರಿನಿಂದ ಬೋಟು ಹತ್ತಿ ಬೆಂಗ್ರೆಗೆ ಹೋದೆ. ಮಳೆ ಸ್ವಲ್ಪ ಬಿಟ್ಟಿತ್ತು. ಗಂಡಸರು ಬಲೆ ರಿಪೇರಿ ಮಾಡುತ್ತಾ ಕೂತಿದ್ದರು. ಮನೆ ಕೇಳಿದರೆ ನನ್ನ ಮುಖ ನೋಡಿ ಸುಮ್ಮನೆ ಬೆರಳು ತೋರಿಸಿದರು. ದೇವದಾಸ ಜಗಲಿಯಲ್ಲಿ ಕೂತಿದ್ದ, ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ಅವನ ಹೆಂಡತಿ ವನಜ ನನ್ನನ್ನು ಆಸ್ಪತ್ರೆಯಲ್ಲಿ ನೋಡಿದ್ದಳು. "ಬನ್ನಿ ಸಿಸ್ಟರ್, ಕೂತ್ಕೊಳ್ಳಿ," ಎಂದು ಓಡಿಹೋಗಿ ಚಹಾ ತಂದಳು. ಐಸಿಯು ಹೊರಗೆ ದಿನಾ ಕೂರುತ್ತಿದ್ದ ಒಳ್ಳೆಯ ಸಿಸ್ಟರ್ ನಾನು ಅವಳಿಗೆ. ಆ ಚಹಾ ನನ್ನಿಂದ ಕುಡಿಯಲಾಗಲಿಲ್ಲ.

"ಆ ಚೀಟಿ ಬರೆದದ್ದು ನಾನು ದೇವದಾಸಣ್ಣ," ಎಂದೆ. "ಕೈ ತೊಳೀಲಿಕ್ಕೆ ನಿಮಗೆ ಹೇಳಿದ್ದೂ ನಾನು. ಹೇಳಿದ್ದು ಮರ್ತು ಬರ್ದೆ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ."

ಅವನು ಹೊಳೆಯ ಕಡೆ ನೋಡುತ್ತಾ, "ಗೊತ್ತುಂಟು," ಎಂದ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವನಜಳಿಗೆ ಗೊತ್ತಿರಲಿಲ್ಲ. ಅವಳು ಬಾಗಿಲ ಹತ್ತಿರದಿಂದ ಬಂದು ನನ್ನ ಕೈಯಿಂದ ಚಹಾದ ಗ್ಲಾಸನ್ನು ತೆಗೆದುಕೊಂಡಳು. "ಇಲ್ಲಿ ನಮ್ಮ ಜಗಲಿಯಲ್ಲಿ ಕೂತು ಹೇಳಿ ನಮಗೆ ಎಂತ ಆಗ್ಲಿಕ್ಕುಂಟು? ಊರೆಲ್ಲ ಇವರನ್ನು ಕೊಲೆಗಾರ ಅಂತ ಹೇಳಿದ್ದು ಸ್ಟ್ಯಾಂಡಿನಲ್ಲಿ. ಅಲ್ಲಿ ಹೋಗಿ ಹೇಳಿ. ಎಲ್ಲರೆದುರು ಹೇಳಿ. ಈಗ ಹೋಗಿ."

ಹೋದೆ. ಅದೇ ಬೋಟಿನಲ್ಲಿ ವಾಪಸು ಬಂದು, ಬಂದರಿನಿಂದ ನಡೆದುಕೊಂಡೇ ಹೋದೆ. ಸ್ಟ್ಯಾಂಡಿನಲ್ಲಿ ಏಳೆಂಟು ರಿಕ್ಷಾಗಳಿದ್ದವು. ಡ್ರೈವರುಗಳು ತಗಡಿನ ಮಾಡಿನ ಕೆಳಗೆ ಕೂತು ಪೇಪರ್ ಓದುತ್ತಿದ್ದರು. ಅವರೆದುರು ಹೋಗಿ ನಿಂತೆ. ಹೆಸರು ಹೇಳಿದೆ, ಕೆಲಸ ಹೇಳಿದೆ, ಚೀಟಿ ಬರೆದದ್ದು ಹೇಳಿದೆ. ಅದು ಪೂರ್ತಿ ಸುಳ್ಳು, ಕೈ ತೊಳೆಯಲು ಹೇಳಿದವಳು ನಾನೇ, ದೇವದಾಸಣ್ಣ ಆ ಹೆಣ್ಣನ್ನು ಉಳಿಸಲು ತಂದವನು, ಅವನು ತಂದಷ್ಟು ಬೇಗ ಬೇರೆ ಯಾರೂ ತರುತ್ತಿರಲಿಲ್ಲ ಎಂದೆ. ಹೋಟೆಲಿನಿಂದ ಜನ ಹೊರಗೆ ಬಂದು ನಿಂತು ಕೇಳಿದರು. ನನಗೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ತಿರುಗಿ ಹೊರಡಬೇಕು ಎನ್ನುವಾಗ ಲೋಕಣ್ಣ ಎದ್ದು ಹತ್ತಿರ ಬಂದರು.

"ಆ ದಿವಸ ನಾನು ಇಲ್ಲೇ ಇದ್ದೆ ಸಿಸ್ಟರ್," ಎಂದರು ಮೆಲ್ಲಗೆ. "ಅವನ ಕೈ ಜಜ್ಜುವಾಗ ಅವ ಬೇರೆ ಎಂತದೂ ಹೇಳ್ಲಿಲ್ಲ. 'ಆಸ್ಪತ್ರೆಯ ಸಿಸ್ಟರೇ ತೊಳೀಲಿಕ್ಕೆ ಹೇಳಿದ್ದು, ಸಿಸ್ಟರನ್ನು ಕೇಳಿ, ಒಮ್ಮೆ ಸಿಸ್ಟರನ್ನು ಕೇಳಿ' ಅಂತ ಅದನ್ನೇ ಕೂಗಿದ್ದು. ಬಾಯಿಯಲ್ಲಿ ಹಲ್ಲು ಇರುವವರೆಗೂ ಕೂಗಿದ. ಆಗ ಸುಜಾತನ ಅಣ್ಣ ಫೋನಿನಲ್ಲಿ ನಿಮ್ಮ ಚೀಟಿ ತೋರ್ಸಿ ಹೇಳಿದ, 'ಕೇಳಿಯೇ ಬಂದದ್ದು' ಅಂತ."